ಅಡ್ಯಾರಿನಿಂದ ಕಡಲಾಚೆಗೆ ಹೋದ ಕಾಗದ

ಗೂಢಚರ್ಯೆ ಎಂದೊಡನೆ ನಾವು ವೇಷ ಮರೆಸಿಕೊಂಡವರನ್ನೂ ಸಂಕೇತಲಿಪಿಯನ್ನೂ ನೆನೆಯುತ್ತೇವೆ. ಅಡ್ಯಾರ್ ನದಿಯ ದಕ್ಷಿಣ ದಡದಲ್ಲಿ, ದೊಡ್ಡ ಆಲದ ಮರದ ನೆರಳಿನಲ್ಲಿ ತಣ್ಣಗಿರುವ ಥಿಯಾಸಾಫಿಕಲ್ ಸೊಸೈಟಿಯ ತೋಟ ಕಂಡವರಿಗೆ ಅಂಥ ನೆನಪೇ ಬಾರದು. ಆದರೆ 1917ರಲ್ಲಿ ಈ ಬಳಗದ ಇಬ್ಬರು ಸರ್ಕಾರದ ಕಣ್ಣು ತಪ್ಪಿಸಿ ಒಂದು ಕಾಗದವನ್ನು ಅಮೆರಿಕಕ್ಕೆ ಮುಟ್ಟಿಸಿದರು.

ಆ ವರ್ಷದ ಜೂನ್‌ನಲ್ಲಿ ಮದರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲೆಂಡ್, ಹೋಂ ರೂಲ್ ಚಳವಳಿ ನಡೆಸುತ್ತಿದ್ದ ಆನಿ ಬೆಸೆಂಟ್, ಜಾರ್ಜ್ ಅರುಂಡೇಲ್ ಮತ್ತು ಬಿ. ಪಿ. ವಾಡಿಯಾರನ್ನು ನಿರ್ಬಂಧದಲ್ಲಿರಿಸಿದ. ಮೂವರೂ ಊಟಿ ಸೇರಿದರು. (ಬಸವನಗುಡಿಯಲ್ಲಿ ವಾಡಿಯಾ ರಸ್ತೆ ಹಾದುಹೋಗುವ ನಮ್ಮಲ್ಲಿ ಎಷ್ಟು ಮಂದಿ ಈ ಸಂಗತಿಯನ್ನು ನೆನೆಯುತ್ತೇವೆ?) ಯುದ್ಧದ ಕಾಲ, ಅಂಚೆಗೆ ಸೆನ್ಸಾರಿನ ಕಾವಲು. ಆಗ ಹೋಂ ರೂಲ್ ಲೀಗಿನ ಗೌರವಾಧ್ಯಕ್ಷರಾಗಿದ್ದವರು ಎಸ್. ಸುಬ್ರಹ್ಮಣ್ಯ ಅಯ್ಯರ್. ವಯಸ್ಸು ಎಪ್ಪತ್ತೈದರ ಆಸುಪಾಸು. ಮದರಾಸು ಹೈಕೋರ್ಟಿನ ಹಂಗಾಮಿ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಸರ್, ದಿವಾನ್ ಬಹದ್ದೂರ್ ಬಿರುದುಗಳನ್ನು ಪಡೆದವರು. ಜೂನ್ 24ರಂದು ಅವರು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್‌ಗೆ ನೇರವಾಗಿ ಬರೆದರು.

ಪತ್ರವನ್ನು ಒಯ್ದವರು ಹೆನ್ರಿ ಹಾಚ್‌ನರ್ ಮತ್ತು ಅವರ ಪತ್ನಿ ಮೇರಿ, ಇಬ್ಬರೂ ಅಮೆರಿಕದ ಥಿಯಾಸಾಫಿಸ್ಟರು. ಮೇರಿ ಹಿಂದೆ ಗಾಯಕಿಯಾಗಿದ್ದವರು. ಸೇನೆಯ ಗುಟ್ಟು ತಿಳಿದವರಲ್ಲ, ತರಬೇತಿ ಪಡೆದವರಲ್ಲ. ಸ್ವದೇಶಕ್ಕೆ ಮರಳುವ ಯಾತ್ರಿಕರ ಸಹಜತೆಯೇ ಅವರ ವೇಷ.

ನಮ್ಮ ಗಮನ ಸೆಳೆಯುವುದು ಇದರ ತಲೆಕೆಳಗಾದ ತರ್ಕ. ಬೇಹುಗಾರ ಶತ್ರುವಿನ ಗುಟ್ಟನ್ನು ಹೊತ್ತು ತರುತ್ತಾನೆ. ಈ ದಂಪತಿಗಳು ಹೊತ್ತದ್ದು ಮದರಾಸಿನ ಬೀದಿಬೀದಿಗೂ ಗೊತ್ತಿದ್ದ ಮಾತನ್ನು. ಪರದೇಶದ ಅಧಿಕಾರಿಗಳ ದರ್ಪ, ಅವರ ಅತಿಯಾದ ಸಂಬಳ, ವಿದ್ಯೆಯ ನಿರಾಕರಣೆ, ಸೆರೆಮನೆಗಳ ಹೊಲಸು, ಎಲ್ಲವನ್ನೂ ಅಯ್ಯರ್ ತಮ್ಮ ಹೆಸರು ಹಾಕಿಯೇ ಬರೆದಿದ್ದರು. ಜೊತೆಗೆ ಒಂದು ವಾಗ್ದಾನ: ಸ್ವರಾಜ್ಯದ ಭರವಸೆ ಸಿಕ್ಕರೆ ಮೂರು ತಿಂಗಳಲ್ಲಿ 50 ಲಕ್ಷ, ಮತ್ತೆ ಮೂರು ತಿಂಗಳಲ್ಲಿ ಇನ್ನೂ 50 ಲಕ್ಷ ಜನರನ್ನು ಭಾರತ ಯುದ್ಧಕ್ಕೆ ಒದಗಿಸೀತು! ಈ ಲೆಕ್ಕವನ್ನು ನಾವು ಇಂದು ನಂಬಲಾರೆವು. ರೈತರ ಮಕ್ಕಳನ್ನು ಯಾರದೋ ಕಂದಕಗಳಿಗೆ ಒಪ್ಪಿಸುವ ಆ ಉದಾರತೆ ನಮ್ಮನ್ನು ಕಸಿವಿಸಿಗೊಳಿಸುತ್ತದೆ ಕೂಡ. ಆದರೆ ಯುದ್ಧದಲ್ಲಿ ಸರ್ಕಾರಕ್ಕೆ ನೆರವಾಗುವ ಮಾತನ್ನೂ ಕದ್ದು ಸಾಗಿಸಬೇಕಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಅಮೆರಿಕದಲ್ಲಿ ಪತ್ರ ಅಚ್ಚಾಗಿ ಹರಡಿತು. ಬೆಸೆಂಟ್ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದರು. ಅದು ಈ ಪತ್ರವೊಂದರ ಫಲವೆನ್ನುವುದು ಅತಿಯಾದೀತು; ದೇಶದಾದ್ಯಂತ ಎದ್ದ ಪ್ರತಿಭಟನೆಯೂ ಆಗಸ್ಟ್ 20ರ ಮಾಂಟೆಗು ಘೋಷಣೆಯೂ ನಡುವೆ ಇವೆ. ಬೆಲೆ ತೆತ್ತವರು ಮಾತ್ರ ಆ ಮುದುಕರೇ. ಮದರಾಸಿಗೆ ಬಂದ ವೈಸರಾಯ್ ಚೆಲ್ಮ್ಸ್‌ಫರ್ಡ್ ಅವರನ್ನು ತರಾಟೆಗೆ ತೆಗೆದುಕೊಂಡ. 1918ರಲ್ಲಿ ಮಾಂಟೆಗು ಬ್ರಿಟನ್ನಿನ ಸಂಸತ್ತಿನಲ್ಲೇ ಪತ್ರವನ್ನು ಹೀಗಳೆದ. ಅಯ್ಯರ್ ಕ್ಷಮೆ ಕೇಳಲಿಲ್ಲ. ಸರ್, ದಿವಾನ್ ಬಹದ್ದೂರ್ ಎರಡನ್ನೂ ಬಿಟ್ಟುಕೊಟ್ಟು, 1924ರಲ್ಲಿ ತೀರಿಕೊಳ್ಳುವವರೆಗೆ ಬರಿಯ ಸುಬ್ರಹ್ಮಣ್ಯ ಅಯ್ಯರ್ ಆಗಿಯೇ ಉಳಿದರು.