ಸವೆದರೂ ನಿಲ್ಲದ ಗಾಡಿ

ಕಾರ್ಖಾನೆಯ ಚರಿತ್ರೆ ಅದರ ಬಾಗಿಲು ಮುಚ್ಚಿದ ದಿನವೇ ಮುಗಿಯಿತೆಂದು ನಾವು ತಿಳಿಯುವುದುಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಮಟ್ಟಿಗೆ ಈ ಮಾತು ಸಲ್ಲದು. ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿ ಪಡೆದು 1961ರಲ್ಲಿ ಅಲ್ಲಿ ಮೋಟಾರ್ ಸೈಕಲುಗಳ ತಯಾರಿಕೆ ಆರಂಭವಾಯಿತು. ಎಪ್ಪತ್ತರ ದಶಕದಲ್ಲಿ ಅವು ‘ಯೆಜ್ಡಿ’ ಎಂಬ ಹೆಸರು ತಳೆದವು. 1996ರಲ್ಲಿ ಕಾರ್ಖಾನೆ ನಿಂತಿತು, ಗಾಡಿಗಳು ನಿಲ್ಲಲಿಲ್ಲ.

ಆ ಎಂಜಿನ್ನಿನ ಸರಳತೆಯೇ ಇದಕ್ಕೆ ಕಾರಣ. ಎರಡು ಸ್ಟ್ರೋಕಿನ ಅದರಲ್ಲಿ ವಾಲ್ವುಗಳ ತೊಡಕಿಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಪಿಸ್ಟನ್ನನ್ನು ಕಾಯುತ್ತದೆ. ರಿಂಗುಗಳು ಸವೆದರೆ ಒತ್ತಡ ಸೋರಿ ಗಾಡಿಯ ಕಸುವು ಕುಂದುತ್ತದೆ. ಶಿವಮೊಗ್ಗೆಯ ಆಲ್ಕೊಳದ ನಮ್ಮ ಹಿತ್ತಿಲಲ್ಲಿ, ಕೆಲವೇ ಸ್ಪ್ಯಾನರುಗಳಿಂದ ನಾನು ಹೆಡ್ಡನ್ನೂ ಸಿಲಿಂಡರನ್ನೂ ಕಳಚಿದ್ದೇನೆ. ಎರಕದ ಕಬ್ಬಿಣದ ಸಿಲಿಂಡರ್ ಒಳಗೆ ಸವೆದಿದ್ದರೆ ಅದನ್ನು ಲೇತಿನವರಲ್ಲಿ ಬೋರ್ ಮಾಡಿಸಿ, ಒಂದಳತೆ ದೊಡ್ಡ ಪಿಸ್ಟನ್ನನ್ನೂ ಹೊಸ ರಿಂಗುಗಳನ್ನೂ ಕೂಡಿಸಬೇಕು. ಇದಕ್ಕೂ ಮಿತಿಯುಂಟು, ಪ್ರತಿ ಸಲವೂ ಸಿಲಿಂಡರಿನ ಗೋಡೆ ತೆಳುವಾಗುತ್ತದೆ.

ಭಾಗಗಳು ಹೇಗೋ ದೊರೆತಾವು. ಸದ್ದು ಕೇಳಿಯೇ ಸವೆತವನ್ನು ಗುರುತಿಸುವ ಮೇಸ್ತ್ರಿಗಳ ವಿದ್ಯೆ ಅಷ್ಟು ಸುಲಭವಾಗಿ ದೊರೆಯದು. ಆ ವಿದ್ಯೆಯನ್ನು ಅವರಿರುವಾಗಲೇ ಕೇಳಿ ಬರೆದಿಡುವುದೂ ಕಾರ್ಖಾನೆಯ ಚರಿತ್ರೆ ಬರೆಯುವವರ ಕೆಲಸವೇ ಸರಿ.