ಗಂಡಭೇರುಂಡ ಹೊತ್ತ ಸ್ಪಿಟ್‌ಫೈರ್: ಮೈಸೂರು ಕಟ್ಟದ ವಾಯುಪಡೆಯ ಬಗ್ಗೆ ಒಂದು ಟಿಪ್ಪಣಿ

ಮೈಸೂರಿನಿಂದ ನಂಜನಗೂಡಿನ ಕಡೆ ಹೊರಟರೆ ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣ ಸಿಗುತ್ತದೆ. ಟಿ. ನರಸೀಪುರದ ರಸ್ತೆ ಹಿಡಿದವರಿಗೆ ಊರು ದಾಟುವ ಮೊದಲೇ ಲಲಿತಮಹಲ್ ಹೆಲಿಪ್ಯಾಡ್. ಈ ಸೀಮೆಗೂ ಆಕಾಶಕ್ಕೂ ಇರುವ ನಂಟು ಇಷ್ಟೇ ಎಂದು ಕಾಣುತ್ತದೆ. ಆದರೆ 1940ರ ದಶಕದಲ್ಲಿ ಮೈಸೂರು ಸಂಸ್ಥಾನದ ಹೆಸರಿನಲ್ಲಿ ಒಂದು ಯುದ್ಧವಿಮಾನ ದಳವಿತ್ತು, ಸಂಸ್ಥಾನದ ಹಣ ತೊಡಗಿಸಿದ ವಿಮಾನ ಕಾರ್ಖಾನೆಯಿತ್ತು, ರಾಜಧಾನಿಯ ಪಕ್ಕದಲ್ಲಿ ವಿಮಾನ ಇಳಿಯುವ ಬಯಲೂ ಇತ್ತು. ಇಷ್ಟಿದ್ದೂ ವಾಯುಪಡೆ ಇರಲಿಲ್ಲ.

ಇದಕ್ಕೆ ಬಡತನ ಕಾರಣವಲ್ಲ, ಕರಾರು ಕಾರಣ. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ ಬರೆಸಿಕೊಂಡ ಷರತ್ತಿನಂತೆ, ಸೇನೆ ಎಷ್ಟಿರಬೇಕೆಂದು ಹೇಳುವ ಅಧಿಕಾರ ಗವರ್ನರ್ ಜನರಲ್‌ರದ್ದು. ಅನುಮತಿಯಿಲ್ಲದೆ ಹೊಸ ಕೋಟೆ ಕಟ್ಟುವಂತಿರಲಿಲ್ಲ. ಹಳೆಯ ಕೋಟೆಯ ದುರಸ್ತಿಗೂ ಕೇಳಬೇಕಿದ್ದ ಅರಸನಿಗೆ ಬಾಂಬರ್ ವಿಮಾನ ಕೊಡುವವರು ಯಾರು? 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಕುದುರೆ ದಳವೂ ಸಾಮ್ರಾಜ್ಯದ ಸೇವೆಗೆಂದು ಇರಿಸಿಕೊಂಡದ್ದೇ.

ಎರಡನೆಯ ಮಹಾಯುದ್ಧದಲ್ಲಿ ಇದೇ ಏರ್ಪಾಡು ಆಕಾಶಕ್ಕೆ ಏರಿತು. ಹಣ ಕೊಟ್ಟ ವಸಾಹತು, ಸಂಸ್ಥಾನಗಳ ಹೆಸರನ್ನು ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ತನ್ನ ದಳಗಳಿಗೆ ಇಡುತ್ತಿತ್ತು. ಹೈದರಾಬಾದ್ ಹೆಸರಿನ ದಳಗಳಿದ್ದವು, ಬರೋಡ ಹೆಸರಿನದೂ ಇತ್ತು. 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ ಮರುಹುಟ್ಟು ಪಡೆದ 129ನೆಯ ಸ್ಕ್ವಾಡ್ರನ್‌ಗೆ ಬಂದದ್ದು ಮೈಸೂರಿನ ಹೆಸರು. ದಳದ ಲಾಂಛನ ನಮ್ಮ ಗಂಡಭೇರುಂಡ. ಅದರ ಕೆಳಗೆ ನ್ಯಾಯವನ್ನು ಕಾಯುವೆ ಎಂಬರ್ಥದ ಇಂಗ್ಲಿಷ್ ಧ್ಯೇಯವಾಕ್ಯ. ಹಣ ಅರಮನೆಯದೆನ್ನಿ, ಬೊಕ್ಕಸದ್ದೆನ್ನಿ, ಬೇರು ಕಂದಾಯದಲ್ಲೇ ಇತ್ತು. ಕಾವೇರಿ–ಕಪಿಲೆಯರ ನಾಲೆ ಬಯಲಿನ ಭತ್ತದ ಗದ್ದೆಗಳಿಗೂ ಆ ಸ್ಪಿಟ್‌ಫೈರ್‌ಗಳಿಗೂ ಅಷ್ಟರಮಟ್ಟಿನ ಸಂಬಂಧ ಹೇಳಬಹುದು. ಅದಕ್ಕಿಂತ ಹೆಚ್ಚು ಹೇಳಿದರೆ ಅತಿಯಾದೀತು.

ದಳ ಹೆಸರಿಗಷ್ಟೇ ಇದ್ದದ್ದಲ್ಲ. 1942ರ ಆಗಸ್ಟ್ 19ರಂದು ಫ್ರಾನ್ಸಿನ ದಿಯೆಪ್ ಮೇಲೆ ನಡೆದ ದಾಳಿಯಲ್ಲಿ, ವಾರೆಂಜ್‌ವಿಲ್ ಬಳಿಯ ಜರ್ಮನ್ ಫಿರಂಗಿ ನೆಲೆಯ ಮೇಲೆ ಲಾರ್ಡ್ ಲೊವಾಟ್‌ರ ಕಮಾಂಡೊಗಳು ನುಗ್ಗುವ ಮುನ್ನ ಮೇಲಿನಿಂದ ಗುಂಡಿನ ಮಳೆಗರೆದದ್ದು ಈ ದಳದ ವಿಮಾನಗಳು. 1944ರಲ್ಲಿ ಸ್ಪಿಟ್‌ಫೈರ್ ಬಿಟ್ಟು ಮಸ್ಟ್ಯಾಂಗ್ ಹತ್ತಿದ ಪೈಲಟ್‌ಗಳು ಇಂಗ್ಲೆಂಡಿನತ್ತ ಹಾರಿಬರುತ್ತಿದ್ದ ವಿ–1 ಬಾಂಬುಗಳನ್ನು ಬೆನ್ನಟ್ಟಿ ಹೊಡೆದರು. ಯುದ್ಧ ಮುಗಿದ ಮೇಲೆ ಕೆಲ ತಿಂಗಳು ನಾರ್ವೆಯಲ್ಲಿದ್ದರು. ಇಷ್ಟೆಲ್ಲ ನಡೆದದ್ದು ಯೂರೋಪಿನಲ್ಲಿ. 1946ರ ಸೆಪ್ಟೆಂಬರ್ 1ರಂದು ದಳಕ್ಕೆ 257 ಎಂಬ ಬೇರೆ ಸಂಖ್ಯೆ ಕೊಡುವುದರೊಂದಿಗೆ ಮೈಸೂರಿನ ಹೆಸರು ಬಿತ್ತು. ಸೋಲಲ್ಲ, ವಿಸರ್ಜನಾ ಸಮಾರಂಭದ ಕಣ್ಣೀರಲ್ಲ. ಕಚೇರಿಯ ಒಂದು ಆದೇಶ.

ನನ್ನ ಮಟ್ಟಿಗೆ ಕಾರ್ಖಾನೆಯ ಕಥೆ ಇದಕ್ಕಿಂತ ಮುಖ್ಯ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಒತ್ತಾಸೆಯಿಂದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿಗೆ ಬಂದರು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ನೋಂದಣಿಯಾಯಿತು. ಜಮೀನು ಕೊಟ್ಟದ್ದು ಸಂಸ್ಥಾನ, ಬಂಡವಾಳದಲ್ಲೂ ಅದರ ಪಾಲಿತ್ತು. 1941ರಲ್ಲಿ ಭಾರತ ಸರ್ಕಾರ ಮೂರನೆಯ ಪಾಲುದಾರನಾಗಿ ಒಳಬಂತು. ಅದೇ ವರ್ಷ ಹಾರ್ಲೊ ತರಬೇತಿ ವಿಮಾನ ಇಲ್ಲಿ ಜೋಡಣೆಯಾಗಿ ಹಾರಿತು. ಜಪಾನ್ ಯುದ್ಧಕ್ಕಿಳಿದು ಬರ್ಮಾ ಕೈತಪ್ಪುತ್ತಿದ್ದಂತೆ, 1942ರಲ್ಲಿ ಸರ್ಕಾರ ವಾಲ್‌ಚಂದ್ ಪಾಲನ್ನು ಕೊಂಡು ಆಡಳಿತವನ್ನು ವಶಕ್ಕೆ ತೆಗೆದುಕೊಂಡಿತು. ಮೈಸೂರು ಪಾಲು ಉಳಿಸಿಕೊಂಡಿತು, ಮಾತು ಕಳೆದುಕೊಂಡಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಸೇನೆಯ ರಿಪೇರಿ ಡಿಪೋ ಆಯಿತು; ನೀರಿನ ಮೇಲಿಳಿಯುವ ಕ್ಯಾಟಲೈನಾಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಸ್ವಂತ ವಿನ್ಯಾಸದ ಎಚ್‌ಟಿ–2 ಅಲ್ಲಿಂದ ಹಾರಿದ್ದು 1951ರಲ್ಲಿ. ಅಷ್ಟರಲ್ಲಿ ಕಾರ್ಖಾನೆ ಕೇಂದ್ರದ ರಕ್ಷಣಾ ಸಚಿವಾಲಯದ ಕೈಗೆ ಹೋಗಿತ್ತು.

1947ರಲ್ಲಿ ಸಂಸ್ಥಾನ ಭಾರತ ಒಕ್ಕೂಟ ಸೇರಿದಾಗ ರಕ್ಷಣೆಯ ವಿಷಯ ಕೇಂದ್ರಕ್ಕೆ ಹೋಯಿತು. ಮುಂದೆ ಲ್ಯಾನ್ಸರ್ಸ್ ಕುದುರೆ ದಳ 61ನೆಯ ಕ್ಯಾವಲ್ರಿಯಲ್ಲಿ ಬೆರೆಯಿತು. ಕುದುರೆ ದಳಕ್ಕೆ ಹೀಗೊಂದು ಉತ್ತರಾಧಿಕಾರಿಯಾದರೂ ಸಿಕ್ಕಿತು. 129ನೆಯ ದಳದ ಬ್ಯಾಡ್ಜ್ ಬ್ರಿಟಿಷ್ ವಾಯುಪಡೆಯ ಚರಿತ್ರೆಗೆ ಸೇರಿದ್ದು, ಇಲ್ಲಿನ ಯಾವ ರೆಜಿಮೆಂಟೂ ಅದನ್ನು ವಾರಸುದಾರಿಕೆಯಾಗಿ ಪಡೆಯುವಂತಿರಲಿಲ್ಲ. ಗಂಡಭೇರುಂಡ ಮಾತ್ರ ಕರ್ನಾಟಕ ಸರ್ಕಾರದ ಮುದ್ರೆಯಾಗಿ ಕಾಗದಪತ್ರಗಳ ಮೇಲೆ ಉಳಿಯಿತು.

ಇನ್ನು ರಾಜಧಾನಿಯ ಪಕ್ಕದ ಆ ಬಯಲು, ಮಂಡಕಳ್ಳಿ. ಅಲ್ಲಿಗೆ 1980ರ ದಶಕದಲ್ಲಿ ವಾಯುದೂತ್‌ನ ಪುಟ್ಟ ವಿಮಾನಗಳು ಬಂದವು, ಬಹುಕಾಲ ನಿಲ್ಲಲಿಲ್ಲ. ಹೊಸ ಟರ್ಮಿನಲ್‌ನೊಂದಿಗೆ ಅದು ಮತ್ತೆ ತೆರೆದದ್ದು 2010ರಲ್ಲಿ. 1,740 ಮೀಟರ್ ಉದ್ದದ ರನ್‌ವೇ ದೊಡ್ಡ ಜೆಟ್‌ಗಳಿಗೆ ಸಾಲದು. ಉದ್ದ ಮಾಡೋಣವೆಂದರೆ ನಂಜನಗೂಡು ಹೆದ್ದಾರಿಯೇ ಅಡ್ಡ. ರಸ್ತೆಯನ್ನು ರನ್‌ವೇ ಅಡಿಯಲ್ಲಿ ಹಾಯಿಸುವುದೋ, ಬಳಸಿ ತಿರುಗಿಸುವುದೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದಿದೆ. ಜಮೀನು ಬಿಟ್ಟುಕೊಡಬೇಕಾದ ರೈತರಿಗೆ ಪರಿಹಾರದ ಲೆಕ್ಕವೇ ಮೊದಲ ಪ್ರಶ್ನೆ.