ಲೆವೆಲ್ ಕ್ರಾಸಿಂಗ್ ಸುರಕ್ಷತೆ (ಕೇರಳ ಮತ್ತು ಕರಾವಳಿ)

ರಸ್ತೆಯೂ ರೈಲುಹಳಿಯೂ ಒಂದೇ ಮಟ್ಟದಲ್ಲಿ ಅಡ್ಡಹಾಯುವ ಜಾಗವೇ ಲೆವೆಲ್ ಕ್ರಾಸಿಂಗ್. ಜನರ ಬಾಯಲ್ಲಿ ರೈಲ್ವೆ ಗೇಟ್. ಕಾವಲುಗಾರನಿರುವ ಗೇಟ್, ಕಾವಲುಗಾರನಿಲ್ಲದ ಮಾನವರಹಿತ ಗೇಟ್ ಎಂದು ಭಾರತದಲ್ಲಿ ಇವು ಎರಡು ಬಗೆ. ಬ್ರಾಡ್‌ಗೇಜ್ ಮಾರ್ಗಗಳ ಮಾನವರಹಿತ ಗೇಟ್‌ಗಳನ್ನೆಲ್ಲ 2019ರ ಜನವರಿ 31ರೊಳಗೆ ತೆಗೆಯಲಾಯಿತು. ಇದಕ್ಕೆ ಹಿಂದಿನ ನಾಲ್ಕು ದಶಕಗಳಲ್ಲಿ ಕಾನೂನನ್ನೂ ಲೋಕಾಭಿಪ್ರಾಯವನ್ನೂ ರೂಪಿಸಿದ ದುರಂತಗಳಲ್ಲಿ ಎರಡು ಕೇರಳದಲ್ಲೇ ನಡೆದವು: ಅಂಗಮಾಲಿ ಬಳಿಯ ಅಕಪರಂಬು (1979) ಮತ್ತು ಆಲಪ್ಪುಳ ಜಿಲ್ಲೆಯ ಚೇಪ್ಪಾಡ್ (1996). ಗೇಟ್ ಸುರಕ್ಷತೆಯ ಇತಿಹಾಸವೆಂದರೆ ಹೊಣೆ ಕೈಬದಲಾದ ಇತಿಹಾಸ. ಮೊದಲು ದಾಟುವವನ ಮೇಲಿದ್ದ ಹೊಣೆ ಗೇಟ್‌ಮನ್‌ಗೆ ಬಂತು, ಅವನಿಂದ ಯಂತ್ರಕ್ಕೆ ಹೋಯಿತು. ಈಗ ಗೇಟನ್ನೇ ಇಲ್ಲವಾಗಿಸುವ ಸೇತುವೆಯ ಕಡೆಗೆ ಸಾಗಿದೆ.

ಭೌಗೋಳಿಕ ಹಿನ್ನೆಲೆ

ಕೇರಳದ ಮುಖ್ಯ ರೈಲುಮಾರ್ಗ ಬಹುಪಾಲು ಕರಾವಳಿಯ ಉದ್ದಕ್ಕೂ ದಟ್ಟ ಜನವಸತಿಯ ನಡುವೆ ಹಾದಿದೆ. ಇಲ್ಲಿ ಊರು ಮುಗಿದು ಬಯಲು ಶುರುವಾಗುವ ಗಡಿ ಕಾಣುವುದು ಅಪರೂಪ. ತೋಟದ ನಡುವಿನ ಕಿರುರಸ್ತೆಯೂ ಹಳಿಯನ್ನು ದಾಟಲೇಬೇಕು. ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಮಂಜೇಶ್ವರ ಭಾಗದಲ್ಲಿ ಪೂರ್ವಕ್ಕೆ ಹೆದ್ದಾರಿ, ಪಶ್ಚಿಮಕ್ಕೆ ಕಡಲು, ನಡುವೆ ಹಳಿ. ಮಂಗಳೂರಿಗೆ ರೈಲು ಬಂದ 1907ರಿಂದಲೂ ಕಡಲತಡಿಯ ಮೀನುಗಾರರ ಕೇರಿಗಳಿಗೆ ಹೆದ್ದಾರಿಯ ದಾರಿ ಹಳಿಯಾಚೆಗೇ. ಗೇಟ್ ಬಿದ್ದರೆ ಶಾಲಾವಾಹನ, ಮೀನಿನ ಟೆಂಪೊ, ಆಂಬುಲೆನ್ಸ್ ಎಲ್ಲವೂ ಒಂದೇ ಸಾಲಿನಲ್ಲಿ ಕಾಯುತ್ತವೆ. ಕಾಯಲಾರದ ಬೈಕ್ ಸವಾರರು ಗೇಟ್‌ಕಂಬದಡಿ ನುಸುಳುತ್ತಾರೆ. ಗೇಟ್ ಎಂದರೆ ವಿಳಂಬ ಎಂಬ ಭಾವನೆ ಬೇರೂರಿದ ಕಡೆ ಸುರಕ್ಷತೆಯ ನಿಯಮಕ್ಕೆ ಗೌರವ ಉಳಿಯುವುದು ಕಷ್ಟ.

ಕೊಚ್ಚಿಯಲ್ಲಿ ಎರ್ನಾಕುಳಂನಿಂದ ವಿಲ್ಲಿಂಗ್ಡನ್ ದ್ವೀಪದ ಹಾರ್ಬರ್ ಟರ್ಮಿನಸ್‌ಗೆ ಹೋಗುವ ಕವಲುಮಾರ್ಗವಿದೆ. ಈ ಕವಲಿನ ವಾತುರುತ್ತಿ ಗೇಟ್ ನಗರದೊಳಗಿನ ಗೇಟ್‌ಗಳ ತೊಡಕಿಗೆ ಉದಾಹರಣೆ: ರೈಲು ಅಪರೂಪ, ವಾಹನ ವಿಪರೀತ.

ಅಕಪರಂಬು ಪ್ರಕರಣ

1979ರ ಮೇ ತಿಂಗಳಲ್ಲಿ ಅಕಪರಂಬಿನ ಮಾನವರಹಿತ ಗೇಟಿನಲ್ಲಿ ಬಾಡಿಗೆ ಬಸ್ಸೊಂದಕ್ಕೂ ಜಯಂತಿ ಜನತಾ ಎಕ್ಸ್‌ಪ್ರೆಸ್‌ಗೂ ಡಿಕ್ಕಿಯಾಗಿ ಸುಮಾರು 40 ಪ್ರಯಾಣಿಕರೂ ಬಸ್ಸಿನ ಚಾಲಕನೂ ಸತ್ತರು. ಪರಿಹಾರದ ವ್ಯಾಜ್ಯ ಸುಪ್ರೀಂ ಕೋರ್ಟ್ ತಲುಪಿ 1997ರಲ್ಲಿ ತೀರ್ಪಾಯಿತು. ಯೂನಿಯನ್ ಆಫ್ ಇಂಡಿಯಾ ವಿರುದ್ಧ ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಎಂದು ಹೆಸರಾದ ಈ ತೀರ್ಪು ಮಾನವರಹಿತ ಗೇಟ್‌ಗಳ ಬಗ್ಗೆ ದೇಶದ ಪ್ರಮುಖ ನ್ಯಾಯನಿರ್ಣಯಗಳಲ್ಲೊಂದು.

ತೀರ್ಪಿನ ತಿರುಳು ಎರಡು ಅಂಶಗಳಲ್ಲಿದೆ. ಗೇಟ್ ಹಾಕಿಸಬೇಕೆಂದು ಸರ್ಕಾರ ಆದೇಶಿಸದಿದ್ದರೂ, ಸಂಚಾರ ಹೆಚ್ಚಿರುವ ಕಡೆ ಜನರ ಜೀವಕ್ಕೆ ಎಚ್ಚರ ವಹಿಸುವ ಕರ್ತವ್ಯ ರೈಲ್ವೆಗೆ ಇದ್ದೇ ಇದೆ. ಅಲ್ಲಿ ಕಾವಲಿಡದಿರುವುದೇ ನಿರ್ಲಕ್ಷ್ಯವಾಗಬಹುದು. ಇನ್ನು ಬಸ್ ಚಾಲಕನ ತಪ್ಪನ್ನು ಬಸ್ಸಿನೊಳಗೆ ಕೂತ ಪ್ರಯಾಣಿಕರ ತಲೆಗೆ ಕಟ್ಟುವಂತಿಲ್ಲ. ಹೀಗಾಗಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ರೈಲ್ವೆಯನ್ನೂ ಪ್ರತಿವಾದಿಯಾಗಿಸಲು ದಾರಿಯಾಯಿತು. ಹೊಣೆಯೆಲ್ಲ ದಾಟುವವನದೇ ಎಂಬ ಹಳೆಯ ವಾದದ ಬುಡ ಇದರಿಂದ ಸಡಿಲವಾಯಿತು.

ಚೇಪ್ಪಾಡ್ ದುರಂತ

ಎರ್ನಾಕುಳಂ–ಆಲಪ್ಪುಳ–ಕಾಯಂಕುಳಂ ಕರಾವಳಿ ಮಾರ್ಗ ಕೇರಳದ ಹೊಸ ಮಾರ್ಗಗಳಲ್ಲೊಂದು. ಆಲಪ್ಪುಳದಿಂದ ಕಾಯಂಕುಳಂವರೆಗಿನ ಭಾಗ 1992ರಲ್ಲಿ ತೆರೆಯಿತು. 1996ರ ಮೇ 14ರಂದು ಚೇಪ್ಪಾಡ್ ಬಳಿಯ ಮಾನವರಹಿತ ಗೇಟಿನಲ್ಲಿ ಮದುವೆ ದಿಬ್ಬಣದ ಬಸ್ಸಿಗೆ ರೈಲು ಬಡಿದು 35 ಮಂದಿ ಸತ್ತರು. ನೂರು ವರ್ಷದ ಹಳೆಯ ಮಾರ್ಗದಲ್ಲಾದರೆ ಗೇಟ್ ಮೊದಲು ಬಂತು, ವಾಹನ ಆಮೇಲೆ ಬಂತು ಎನ್ನಬಹುದಿತ್ತು. ಇಲ್ಲಿ ಜನರಿಂದ ತುಂಬಿದ ನೆಲದ ಮೇಲೆ ಕಾವಲಿಲ್ಲದ ಗೇಟ್‌ಗಳೊಡನೆಯೇ ಹೊಸ ಹಳಿ ಹಾಸಲಾಗಿತ್ತು. ಯೋಜನೆಯ ಹಂತದಲ್ಲೇ ಆದ ಈ ಉಳಿತಾಯದ ಬೆಲೆಯನ್ನು ನಾಲ್ಕು ವರ್ಷಗಳಲ್ಲಿ ತೆರಬೇಕಾಯಿತು.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 131ನೇ ಸೆಕ್ಷನ್ ಪ್ರಕಾರ ಮಾನವರಹಿತ ಗೇಟಿನ ಬಳಿ ಚಾಲಕ ವಾಹನ ನಿಲ್ಲಿಸಬೇಕು. ಕಂಡಕ್ಟರ್ ಅಥವಾ ಕ್ಲೀನರ್ ಇಳಿದು ಹಳಿಯವರೆಗೆ ನಡೆದು, ಎರಡೂ ಕಡೆ ರೈಲಾಗಲಿ ಟ್ರಾಲಿಯಾಗಲಿ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು ವಾಹನವನ್ನು ದಾಟಿಸಬೇಕು. ಜೊತೆಗೆ ಯಾರೂ ಇಲ್ಲದಿದ್ದರೆ ಚಾಲಕನೇ ಇಳಿದು ನೋಡಬೇಕು. 1989ರ ರೈಲ್ವೆ ಕಾಯ್ದೆಯ 160ನೇ ಸೆಕ್ಷನ್ ಮುಚ್ಚಿದ ಗೇಟ್ ತೆರೆದವರಿಗೆ ಮೂರು ವರ್ಷ, ಮುರಿದವರಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಮಾನವರಹಿತ ಗೇಟನ್ನು ನಿರ್ಲಕ್ಷ್ಯದಿಂದ ದಾಟಿದರೆ 161ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಶಿಕ್ಷೆ.

ಗೇಟ್ ಕೆಲಸ ಮಾಡುವ ಬಗೆ

ಗೇಟಿಗೆ 600 ಮೀಟರ್ ಮುಂಚೆ ಹಳಿಪಕ್ಕ ಸೀಟಿಯ ಫಲಕ ಇರುತ್ತದೆ. ಅಲ್ಲಿಂದ ಲೋಕೊ ಪೈಲಟ್ ಸೀಟಿ ಹಾಕಬೇಕು. ಗಂಟೆಗೆ 110 ಕಿ.ಮೀ. ವೇಗದ ರೈಲು ಆ 600 ಮೀಟರನ್ನು ಸುಮಾರು 20 ಸೆಕೆಂಡುಗಳಲ್ಲಿ ಕ್ರಮಿಸುತ್ತದೆ. ಕಿಟಕಿ ಮುಚ್ಚಿ ಹಾಡು ಹಾಕಿಕೊಂಡ ವ್ಯಾನಿನ ಚಾಲಕನಿಗೆ ಸಿಗುವ ಮುನ್ಸೂಚನೆ ಇಷ್ಟೇ. ತುರ್ತು ಬ್ರೇಕ್ ಹಾಕಿದರೂ ಅಂಥ ರೈಲು ನಿಲ್ಲಲು ಒಂದು ಕಿಲೋಮೀಟರ್‌ನಷ್ಟು ದೂರ ಬೇಕಾದೀತು. ಪೈಲಟ್‌ಗೆ ಕಂಡ ಮೇಲೆ ತಪ್ಪಿಸುವ ಅವಕಾಶ ಬಹುಮಟ್ಟಿಗೆ ಮುಗಿದಿರುತ್ತದೆ.

ಕಾವಲಿರುವ ಗೇಟ್‌ಗಳಲ್ಲೂ ಎರಡು ತರ. ಇಂಟರ್‌ಲಾಕ್ ಆದ ಗೇಟಿನಲ್ಲಿ ಸಿಗ್ನಲ್ಲಿಗೂ ಗೇಟಿಗೂ ಯಾಂತ್ರಿಕ ಅಥವಾ ವಿದ್ಯುತ್ ಕೊಂಡಿ ಇರುತ್ತದೆ. ಗೇಟ್ ಮುಚ್ಚಿ ಬೀಗ ಬೀಳುವವರೆಗೆ ಸಿಗ್ನಲ್ ಹಸಿರಾಗದು. ಕೊಟ್ಟ ಸಿಗ್ನಲ್ ಮರಳಿ ಕೆಂಪಾಗುವವರೆಗೆ ಗೇಟ್ ತೆರೆಯದು. ವಾಹನ ಬಡಿದು ಗೇಟ್‌ಕಂಬ ಮುರಿದರೆ ಬದಲಿಗೆ ಎಳೆಯಲು ಜಾರುಕಂಬ ಇರುತ್ತದೆ. ‘ಜಿ’ ಅಕ್ಷರದ ಫಲಕವಿರುವ ಗೇಟ್ ಸಿಗ್ನಲ್ ಕೆಂಪಿದ್ದರೆ ಪೈಲಟ್ ರೈಲು ನಿಲ್ಲಿಸಿ, ಹಗಲಲ್ಲಿ ಒಂದು ನಿಮಿಷ, ರಾತ್ರಿ ಎರಡು ನಿಮಿಷ ಕಾದು, ಬಳಿಕ ಎಚ್ಚರದಿಂದ ಗೇಟಿನವರೆಗೆ ಸಾಗಬಹುದು.

ಇಂಟರ್‌ಲಾಕ್ ಇಲ್ಲದ ಗೇಟಿನಲ್ಲಿ ಈ ಕೊಂಡಿಯ ಜಾಗದಲ್ಲಿರುವುದು ಮಾತು. ಸ್ಟೇಷನ್ ಮಾಸ್ಟರ್ ಫೋನ್ ಮಾಡಿ ರೈಲು ಬರುತ್ತಿದೆ ಎನ್ನುತ್ತಾರೆ. ಗೇಟ್‌ಮನ್ ಗೇಟ್ ಹಾಕಿ, ತನ್ನ ಬಳಿಯ ಹಾಳೆಯಲ್ಲಿನ ಪ್ರೈವೇಟ್ ನಂಬರ್ ಹೇಳುತ್ತಾನೆ. ಆ ನಂಬರೇ ಗೇಟ್ ಮುಚ್ಚಿದ್ದಕ್ಕೆ ಪುರಾವೆ. ಮುಚ್ಚದೆಯೇ ನಂಬರ್ ಕೊಟ್ಟರೆ ತಡೆಯುವ ಸಾಧನ ಈ ವ್ಯವಸ್ಥೆಯೊಳಗೆ ಇಲ್ಲ.

ಹಳಿಯ ಮೇಲೆ ವಾಹನ ಕೆಟ್ಟು ನಿಂತರೆ ಗೇಟ್‌ಮನ್‌ನ ಕೆಲಸ ಕಠಿಣ. ಹಗಲಲ್ಲಿ ಕೆಂಪು ಬಾವುಟ, ರಾತ್ರಿ ಕೆಂಪು ದೀಪ ತೋರಿಸುತ್ತ ರೈಲು ಬರುವ ದಿಕ್ಕಿಗೆ ಓಡಬೇಕು. ಬ್ರಾಡ್‌ಗೇಜ್‌ನಲ್ಲಿ 600 ಮೀಟರ್ ದೂರದಲ್ಲಿ ಒಂದು ಡಿಟೊನೇಟರ್, 1200 ಮೀಟರ್‌ನಲ್ಲಿ ಹತ್ತು ಹತ್ತು ಮೀಟರ್ ಅಂತರಕ್ಕೆ ಮೂರು ಡಿಟೊನೇಟರ್‌ಗಳನ್ನು ಹಳಿಗೆ ಕಟ್ಟಬೇಕು. ಚಕ್ರದಡಿ ಅವು ಸಿಡಿದ ಸದ್ದೇ ಪೈಲಟ್‌ಗೆ ನಿಲ್ಲುವ ಆಜ್ಞೆ. ಜಲ್ಲಿಯ ಮೇಲೆ, ಮಳೆಯಲ್ಲಿ, ಒಬ್ಬನೇ 1200 ಮೀಟರ್ ಓಡುವ ಈ ನಿಯಮ ನೆನಪಿದ್ದರೆ ಗೇಟ್‌ಮನ್‌ನ ಪಾಳಿಯ ಅವಧಿ, ವಿಶ್ರಾಂತಿ, ವಯಸ್ಸು ಇವೆಲ್ಲ ಸುರಕ್ಷತೆಯ ಪ್ರಶ್ನೆಗಳೇ ಎಂಬುದು ಮನದಟ್ಟಾಗುತ್ತದೆ.

ಸಂಚಾರದ ಲೆಕ್ಕ

ಯಾವ ಗೇಟಿಗೆ ಯಾವ ರಕ್ಷಣೆ ಎಂಬುದನ್ನು ಟಿವಿಯು, ಅಂದರೆ ಟ್ರೇನ್ ವೆಹಿಕಲ್ ಯೂನಿಟ್, ಎಂಬ ಮಾನದಿಂದ ನಿರ್ಧರಿಸುತ್ತಾರೆ: ದಿನದ ರೈಲುಗಳ ಸಂಖ್ಯೆಯನ್ನು ರಸ್ತೆ ವಾಹನಗಳ ಘಟಕಗಳಿಂದ ಗುಣಿಸಿದಾಗ ಬರುವ ಸಂಖ್ಯೆ. 40 ರೈಲು, 250 ವಾಹನ ಘಟಕಗಳಿದ್ದರೆ 10,000. ಮೋಟಾರು ವಾಹನಕ್ಕೆ ಒಂದು, ಆಟೊರಿಕ್ಷಾಕ್ಕೆ ಅರ್ಧ. ಮಕ್ಕಳು ತುಂಬಿದ ಶಾಲಾವ್ಯಾನ್‌ಗೂ ಖಾಲಿ ಲಾರಿಗೂ ಇಲ್ಲಿ ಒಂದೇ ತೂಕ. ನಡೆದು ದಾಟುವವರು ಎಣಿಕೆಗೇ ಬಾರರು. ಹಳ್ಳಿಯ ಗೇಟ್‌ಗಳು ಬಹುಕಾಲ ಹಿಂದುಳಿಯಲು ಈ ಲೆಕ್ಕವೂ ಕಾರಣವೆನ್ನಬಹುದು.

ನಿರ್ಮೂಲನೆ ಮತ್ತು ಆಮೇಲೆ

2011ರ ಹೊತ್ತಿಗೆ ದೇಶದಲ್ಲಿ ಸುಮಾರು 32 ಸಾವಿರ ಗೇಟ್‌ಗಳಿದ್ದು, ಅವುಗಳಲ್ಲಿ 15 ಸಾವಿರದಷ್ಟು ಮಾನವರಹಿತವಾಗಿದ್ದವು. ರೈಲ್ವೆ ಸುರಕ್ಷತೆಯನ್ನು ಪರಿಶೀಲಿಸಿದ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ಎಲ್ಲ ಗೇಟ್‌ಗಳನ್ನೂ ಐದು ವರ್ಷಗಳಲ್ಲಿ ತೆಗೆಯಲು ಸಲಹೆ ಮಾಡಿ, 50 ಸಾವಿರ ಕೋಟಿ ರೂಪಾಯಿ ವೆಚ್ಚ ಅಂದಾಜಿಸಿತು. ಮಾಸಾಯಿಪೇಟೆ (2014) ಮತ್ತು ಕುಶಿನಗರ (2018) ಶಾಲಾವಾಹನ ದುರಂತಗಳು ಕೆಲಸಕ್ಕೆ ತುರ್ತು ತಂದವು. ಮಾನವರಹಿತ ಗೇಟ್‌ಗಳಲ್ಲಿ ದಾಟುವವರನ್ನು ಎಚ್ಚರಿಸಲು ತಾತ್ಕಾಲಿಕವಾಗಿ ‘ಗೇಟ್ ಮಿತ್ರ’ರನ್ನು ನೇಮಿಸಲಾಯಿತು.

2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಬಳಿಯ ಸೆಮ್ಮಂಕುಪ್ಪಂನಲ್ಲಿ, ಕಾವಲಿದ್ದರೂ ಇಂಟರ್‌ಲಾಕ್ ಇಲ್ಲದ ಗೇಟಿನಲ್ಲಿ ಶಾಲಾವ್ಯಾನ್‌ಗೆ ರೈಲು ಬಡಿದು ಮೂವರು ವಿದ್ಯಾರ್ಥಿಗಳು ಸತ್ತರು. ಗೇಟ್ ಮುಚ್ಚಿತ್ತೇ ಎಂಬುದೇ ಮೊದಲು ವಾದಕ್ಕೆ ಬಿತ್ತು. ಬಳಿಕ ಇಂಟರ್‌ಲಾಕಿಂಗ್‌ಗೆ ಬೇಕಾದ ಟಿವಿಯು ಮಿತಿಯನ್ನು 20,000ದಿಂದ 10,000ಕ್ಕೆ ಇಳಿಸಿ, ಗೇಟ್‌ಗಳಲ್ಲಿ ಸಿಸಿಟಿವಿ ಅಳವಡಿಸಲು ರೈಲ್ವೆ ಸಚಿವರು ಸೂಚಿಸಿದರು.

ಮೇಲ್ಸೇತುವೆ, ಕೆಳಸೇತುವೆಗಳೇ ಶಾಶ್ವತ ಪರಿಹಾರ. ಕೇರಳದಲ್ಲಿ ಜಾಗದ ಬೆಲೆ ಮತ್ತು ಭೂಸ್ವಾಧೀನ ಮೇಲ್ಸೇತುವೆಗೆ ಅಡ್ಡಿ. ಕರಾವಳಿಯ ಮಳೆಗಾಲದಲ್ಲಿ ಕೆಳಸೇತುವೆಗೆ ನೀರು ತುಂಬುವ ತೊಂದರೆ. ನೀರು ನಿಂತ ಕೆಳಸೇತುವೆ ಜನರನ್ನು ಮತ್ತೆ ಹಳಿಯ ಮೇಲಕ್ಕೇ ಹತ್ತಿಸುತ್ತದೆ. ಆದ್ದರಿಂದ ಪಂಪು ಮತ್ತು ಚರಂಡಿಯ ನಿರ್ವಹಣೆಯನ್ನೂ ಸುರಕ್ಷತಾ ಕಾಮಗಾರಿಯ ಭಾಗವಾಗಿಯೇ ಎಣಿಸಬೇಕು. ಸೇತುವೆ ಬರುವವರೆಗೆ ಉಳಿಯುವ ಗೇಟ್‌ಗಳಿಗೆ, ಸಂಚಾರ ಕಡಿಮೆಯಿದ್ದರೂ, ಇಂಟರ್‌ಲಾಕಿಂಗ್ ಕನಿಷ್ಠ ರಕ್ಷಣೆಯಾಗಬೇಕು ಎಂಬುದೇ ಅಕಪರಂಬಿನಿಂದ ಸೆಮ್ಮಂಕುಪ್ಪಂವರೆಗಿನ ಪ್ರಕರಣಗಳಿಂದ ಹೊರಡುವ ತೀರ್ಮಾನ.